ಕಲ್ಲುನಾಡಿನಲ್ಲಿ ಅಪ್ಪಣೆಯ ದಾರಿ

(ಚಾರಣಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಆಸ್ಟ್ರೇಲಿಯದ ಉತ್ತರದಂಚಿನ ಕಾಕಡು ರಾಷ್ಟ್ರೀಯ ಉದ್ಯಾನದಲ್ಲಿ ರಾತ್ರಿ ತಂಗುವ ಚಾರಣಕ್ಕೆ ಹೋಗಬಯಸುವವರು ಬಹಳ ಮುಂಚಿತವಾಗಿಯೇ ಅರ್ಜಿ ಹಾಕಬೇಕು. ಯಾವ ಹಳ್ಳ ಹಿಡಿದು ಹತ್ತುವಿರಿ, ಯಾವ ರಾತ್ರಿ ಎಲ್ಲಿ ಮಲಗುವಿರಿ, ಎಲ್ಲಿ ಇಳಿದು ಬರುವಿರಿ ಎಂಬುದನ್ನೆಲ್ಲ ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಬೇಕು. ನಾನು ಮೊದಲ ಸಲ ಹಾಗೆ ಎಳೆದು ಕಳಿಸಿದ ಗೆರೆ ಕೆಲವು ವಾರಗಳ ನಂತರ ಒಂದು ತಿದ್ದುಪಡಿಯೊಂದಿಗೆ ಮರಳಿ ಬಂದಿತು. ಮೂರನೆಯ ದಿನ ನಾವು ಹೊಕ್ಕು ಹೊರಡಬೇಕೆಂದಿದ್ದ ಒಂದು ಕಿರುಕಣಿವೆಯನ್ನು ಬಿಟ್ಟು, ಅದರ ಪೂರ್ವಕ್ಕಿರುವ ದಿಬ್ಬದ ಮೇಲಿನಿಂದ ಸುತ್ತಿ ಹೋಗಬೇಕೆಂದು ಅದರಲ್ಲಿತ್ತು. ಕಾರಣ ಬರೆದಿರಲಿಲ್ಲ. ಆ ಕಣಿವೆಯ ತಲೆಯಲ್ಲಿ ಒಂದು ಜಲಪಾತವಿರುವುದು ನಕ್ಷೆಯ ಸಮೋನ್ನತಿ ರೇಖೆಗಳಿಂದಲೇ ಗೊತ್ತಾಗುತ್ತಿತ್ತು. ಆ ಜಲಪಾತಕ್ಕಾಗಿಯೇ ನಾನು ಗೆರೆಯನ್ನು ಅತ್ತ ಎಳೆದಿದ್ದೆ. ಆಗ ನನಗೆ ಸಿಟ್ಟು ಬಂದದ್ದನ್ನು ಮುಚ್ಚಿಡುವುದಿಲ್ಲ. ಇಂದಿನ ನನ್ನ ಮಾತೆಲ್ಲ ಆ ಒಂದು ತಿದ್ದುಪಡಿಯ ಸುತ್ತಲೇ ಇದೆ.

ಮೊದಲು ನೆಲದ ಪರಿಚಯ ಮಾಡಿಕೊಳ್ಳೋಣ. ಕಾಕಡುವಿನ ವಿಸ್ತಾರ ಸುಮಾರು 20,000 ಚದರ ಕಿಲೋಮೀಟರ್. ನಮ್ಮ ಎರಡು ದೊಡ್ಡ ಜಿಲ್ಲೆಗಳನ್ನು ಕೂಡಿಸಿದಷ್ಟು. ಅದರ ಪೂರ್ವಕ್ಕೆ ಆರ್ನ್‌ಹೆಮ್ ಲ್ಯಾಂಡ್ ಎಂಬ ಮರಳುಗಲ್ಲಿನ ಪ್ರಸ್ಥಭೂಮಿ. ಈ ಪ್ರಸ್ಥಭೂಮಿ ಪಶ್ಚಿಮದ ಬಯಲಿಗೆ ಇಳಿಯುವ ಕಡೆ ಸುಮಾರು 500 ಕಿಲೋಮೀಟರ್ ಉದ್ದಕ್ಕೂ ಒಂದು ಬಂಡೆಗೋಡೆ ನಿಂತಿದೆ. ಕೆಲವೆಡೆ ಅದರ ಎತ್ತರ 300 ಮೀಟರ್ ದಾಟುತ್ತದೆ. ಸುಮಾರು 14 ಕೋಟಿ ವರ್ಷಗಳ ಹಿಂದೆ ಆ ಗೋಡೆಯ ಬುಡಕ್ಕೆ ಕಡಲಿನ ಅಲೆಗಳು ಬಡಿಯುತ್ತಿದ್ದವು. ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು: ನದಿಗಳು 160 ಕೋಟಿ ವರ್ಷಗಳಿಗೂ ಹಿಂದೆ ತಂದು ಹಾಸಿದ ಮರಳು ಒತ್ತಿ ಗಟ್ಟಿಯಾಗಿ ಆದದ್ದು. ಅಲ್ಲಿನ ಮೂಲನಿವಾಸಿಗಳು ಇಂಗ್ಲಿಷಿನಲ್ಲಿ ಮಾತಾಡುವಾಗಲೂ ಇದನ್ನು ‘ಕಲ್ಲುನಾಡು’ ಎಂದೇ ಕರೆಯುತ್ತಾರೆ. ಅವರ ಭಾಷೆಯಲ್ಲಿ ಅದು ‘ಕುವರ್ಡೆವರ್ಡೆ’.

ಬಾದಾಮಿಯ ಬೆಟ್ಟ ಹತ್ತಿದವರಿಗೆ ಈ ಕಲ್ಲನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಅದೇ ಕೆಂಪು, ಮಳೆನೀರು ಇಳಿದ ಕಡೆ ಅದೇ ಕಪ್ಪು ಪಟ್ಟೆ, ಹಳೆಯ ನದಿಯ ಹರಿವು ಅಚ್ಚೊತ್ತಿದ ಅದೇ ಓರೆ ಪದರಗಳು. ಎರಡೂ ಭೂಮಿಯ ಮೇಲೆ ಮೂಳೆಯ ಪ್ರಾಣಿಗಳು ಹುಟ್ಟುವ ಮುಂಚಿನ ಮರಳು. ವ್ಯತ್ಯಾಸ ಹರವಿನಲ್ಲಿದೆ. ಬಾದಾಮಿಯಲ್ಲಿ ಅರ್ಧ ದಿನ ನಡೆದರೆ ಹೊಲ ಸಿಗುತ್ತದೆ, ಊರು ಸಿಗುತ್ತದೆ, ಚಹಾ ಸಿಗುತ್ತದೆ. ಆರ್ನ್‌ಹೆಮ್ ಪ್ರಸ್ಥಭೂಮಿಯಲ್ಲಿ ವಾರಗಟ್ಟಲೆ ನಡೆದರೂ ಕಲ್ಲು ಮುಗಿಯುವುದಿಲ್ಲ. ಕಲ್ಲಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳಿವೆ. ಕೋಟ್ಯಂತರ ಮಳೆಗಾಲಗಳು ಆ ಬಿರುಕುಗಳನ್ನೇ ಕೊರೆದು ನೇರಗೆರೆಯ ಕಮರಿಗಳನ್ನಾಗಿ ಮಾಡಿವೆ. ವಿಮಾನದಿಂದ ನೋಡಿದರೆ ಯಾರೋ ಗರಗಸ ಹಿಡಿದು ಕುಯ್ದು ಬಿಟ್ಟಂತೆ ಕಾಣುತ್ತದೆ.

ಗಟ್ಟಿ ಪದರದ ಕೆಳಗೆ ಮೆತ್ತನೆಯ ಪದರವಿರುವ ಕಡೆ ನೀರು ಕೆಳಗಿನದನ್ನು ಮೊದಲು ತಿನ್ನುತ್ತದೆ, ಮೇಲಿನದು ಸೂರಿನಂತೆ ಮುಂಚಾಚಿಕೊಳ್ಳುತ್ತದೆ. ಹೊಳೆ ಆ ಸೂರಿನಿಂದ ಕೆಳಗೆ ಬಿದ್ದರೆ ಅದು ಜಲಪಾತ. ಹೊಳೆ ಬೇರೆ ದಾರಿ ಹಿಡಿದು ಸೂರು ಒಣಗಿ ಉಳಿದರೆ ಅದು ಮನುಷ್ಯರು ಕೂತು ಅಡುಗೆ ಮಾಡಿ, ಮಲಗಿ, ಗೋಡೆಗೆ ಬಣ್ಣ ಹಚ್ಚುವ ಕಲ್ಲಾಸರೆ. ನಮ್ಮ ಪ್ರವಾಸೀ ಕರಪತ್ರಗಳಲ್ಲಿ ‘ಜಲಪಾತಗಳು’ ಒಂದು ಪುಟ, ‘ಗುಹಾಚಿತ್ರಗಳು’ ಇನ್ನೊಂದು ಪುಟ. ಆ ನೆಲದಲ್ಲಿ ಎರಡನ್ನೂ ಮಾಡಿದ ಕೈ ಒಂದೇ.

ನೀರಿನ ವಿಚಾರಕ್ಕೆ ಬರುತ್ತೇನೆ. ಅಲ್ಲಿನ ವಾರ್ಷಿಕ ಮಳೆ ಸುಮಾರು 1,500 ಮಿಲಿಮೀಟರ್. ಆಗುಂಬೆಯ ಮಳೆಯ ಕಾಲುಭಾಗವೂ ಆಗದು. ಆದರೆ ಹೆಚ್ಚೂಕಡಿಮೆ ಎಲ್ಲವೂ ನವೆಂಬರಿನಿಂದ ಏಪ್ರಿಲ್‌ವರೆಗೆ ಸುರಿದುಬಿಡುತ್ತದೆ. ಹೊರಗಿನವರು ‘ಮಳೆಗಾಲ, ಒಣಗಾಲ’ ಎಂದು ಎರಡೇ ಹೆಸರಿನಲ್ಲಿ ಮುಗಿಸುವುದನ್ನು ಬಿನಿಂಜ್ ಎಂಬ ಅಲ್ಲಿನ ಮೂಲನಿವಾಸಿ ಜನ ಆರು ಋತುಗಳಾಗಿ ಎಣಿಸುತ್ತಾರೆ. ಗುಡ್ಜೆವ್ಗ್ ಎಂದರೆ ಧಾರಾಕಾರ ಮಳೆಯ ತಿಂಗಳುಗಳು. ಬಂಗ್‌ಗೆರೆಂಗ್ ಎಂದರೆ ಎತ್ತರಕ್ಕೆ ಬೆಳೆದ ಹುಲ್ಲನ್ನು ಕಡೆಯ ಬಿರುಗಾಳಿ ಮಲಗಿಸುವ ಏಪ್ರಿಲ್. ಯೆಗ್ಗೆ ಬೆಳಗಿನ ಮಂಜಿನ ಕಾಲ, ವುರ್‌ಗೆಂಗ್ ಚಳಿ, ಗುರುಂಗ್ ಬಿರುಬಿಸಿಲು. ಗುನುಮೆಲೆಂಗ್ ಗುಡುಗು ಗದರಿಸಿ ಅಲ್ಲಲ್ಲಿ ಮಾತ್ರ ಮಳೆ ಹನಿಸಿ ಕಾಡುವ ತಿಂಗಳುಗಳು. ನಮ್ಮ ಮಳೆನಕ್ಷತ್ರಗಳ ಲೆಕ್ಕ ಬಲ್ಲ ರೈತರಿಗೆ ಇದು ವಿಚಿತ್ರವೆನಿಸದು. ಚಾರಣಿಗನಿಗೂ ಈ ಲೆಕ್ಕ ತಿಳಿದಿರಬೇಕು, ಏಕೆಂದರೆ ಜಲಪಾತ ತುಂಬಿ ಭೋರ್ಗರೆಯುವಾಗ ಅದರ ಬಳಿಗೆ ಹೋಗುವ ದಾರಿ ನೀರಿನಡಿಯಲ್ಲಿರುತ್ತದೆ. ದಾರಿ ಪೂರ್ತಿ ಒಣಗಿದಾಗ ಜಲಪಾತವೂ ಒಣಗಿರುತ್ತದೆ. ಎರಡರ ನಡುವಿನ ಕೆಲವು ವಾರಗಳು ಮಾತ್ರ ನಮಗೆ ದಕ್ಕುವಂಥವು.

ಜಿಮ್ ಜಿಮ್ ಜಲಪಾತವನ್ನೇ ನೋಡಿ. ಅದರ ನಿಜವಾದ ಹೆಸರು ಬರ್ಕ್‌ಮಲಮ್. ಜನವರಿಯಲ್ಲಿ ಹೆಲಿಕಾಪ್ಟರಿನಿಂದಲೋ ಸಣ್ಣ ವಿಮಾನದಿಂದಲೋ ಮಾತ್ರ ನೋಡಲು ಸಾಧ್ಯ. ಮೇ, ಜೂನ್ ಹೊತ್ತಿಗೆ ಹಾದಿ ತೆರೆಯುತ್ತದೆ. ಫೋರ್ ವ್ಹೀಲ್ ಡ್ರೈವ್ ವಾಹನ ಬಿಟ್ಟು ಮನೆಗಾತ್ರದ ಬಂಡೆಗಳ ಮೇಲೆ ಕೈಕಾಲು ಊರಿ ಸುಮಾರು ಒಂದು ಕಿಲೋಮೀಟರ್ ದಾಟಿದರೆ ಬಿಳಿಯ ಮರಳಿನ ದಂಡೆ, ಅದರಾಚೆ ಬಿಸಿಲೇ ಬೀಳದ ಕಪ್ಪು ಮಡು, ಮೂರೂ ಕಡೆ ಮುಗಿಲಿಗೆ ಎದ್ದ ಗೋಡೆ. ಆಗಸ್ಟಿನಲ್ಲಿ ಹೋದವರಿಗೆ ಅದೇ ಗೋಡೆಯ ಮೇಲೆ ನೀರಿನ ಕಪ್ಪು ಗುರುತು ಮಾತ್ರ ಸಿಗುವುದುಂಟು. ಜೋಗವನ್ನು ಬೇಸಿಗೆಯಲ್ಲಿ ನೋಡಿ ಬೇಸರಪಟ್ಟವರು ನಮ್ಮಲ್ಲಿ ಎಷ್ಟು ಜನರಿಲ್ಲ! ಆದರೆ ನೀರಿಲ್ಲದ ಬರ್ಕ್‌ಮಲಮಿನ ಬುಡದಲ್ಲಿ ಒಂದು ಗಂಟೆ ಕೂತರೆ ಕಲ್ಲಿನ ನಿಜವಾದ ಎತ್ತರ ತಿಳಿಯುತ್ತದೆ ಎಂಬುದು ನನ್ನ ಅನಿಸಿಕೆ.

ಹಾದಿ ತೆರೆಯುವ ಮುನ್ನ ಅರಣ್ಯ ಸಿಬ್ಬಂದಿ ರಾತ್ರಿ ಟಾರ್ಚು ಹಿಡಿದು, ಬೋನು ಇಟ್ಟು ಮೊಸಳೆಗಳಿಗಾಗಿ ಹುಡುಕುತ್ತಾರೆ. ಉಪ್ಪುನೀರಿನ ಮೊಸಳೆ ಪ್ರವಾಹದ ನೀರಿನ ಜೊತೆ ಬಯಲು ದಾಟಿ ಬಂಡೆಗೋಡೆಯ ಬುಡದವರೆಗೂ ಬಂದು, ನೀರು ಇಳಿದಾಗ ಮಡುವಿನಲ್ಲೇ ಉಳಿದುಬಿಡಬಹುದು. ಬುಡದ ಮಡುಗಳಲ್ಲಿ ಫಲಕ ಓದದೆ ಕಾಲಿಡಬಾರದು. ಎತ್ತರದ ಗೋಡೆ ಹತ್ತಿ ಮೇಲೆ ಬರುವುದು ಅದಕ್ಕೆ ಸಾಧ್ಯವಿಲ್ಲದ್ದರಿಂದ, ಚಾರಣಿಗರು ಬೆನ್ನಿಗೆ ಚೀಲ ಹೊತ್ತು ಪ್ರಸ್ಥಭೂಮಿಯ ಮೇಲೇ ನಡೆಯಲು ಇಷ್ಟಪಡುತ್ತಾರೆ. ಜಲಪಾತವನ್ನು ಅವರು ಕೆಳಗಿನಿಂದ ನೋಡುವುದಕ್ಕಿಂತ ಹೆಚ್ಚಾಗಿ ತಲೆಯ ಕಡೆಯಿಂದ ನೋಡುತ್ತಾರೆ.

ಈ ನಡಿಗೆಗೆ ಅಲ್ಲಿ ಬುಷ್‌ವಾಕಿಂಗ್ ಎನ್ನುತ್ತಾರೆ. ನಮ್ಮ ಕುಮಾರಪರ್ವತದಂತೆ ಸವೆದ ಕಾಲುದಾರಿಯಾಗಲಿ, ಬಾಣದ ಗುರುತಾಗಲಿ ಅಲ್ಲಿಲ್ಲ. ನಕ್ಷೆ, ದಿಕ್ಸೂಚಿ, ಜಿಪಿಎಸ್, ಅಪಾಯದಲ್ಲಿ ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಪೆಟ್ಟಿಗೆ: ಇಷ್ಟು ಕೈಯಲ್ಲಿರಬೇಕು. ಸ್ಪಿನಿಫೆಕ್ಸ್ ಎಂಬ ಹುಲ್ಲಿನ ಸೂಜಿಗಳು ಪ್ಯಾಂಟು ದಾಟಿ ಮೊಣಕಾಲಿಗೆ ಚುಚ್ಚುತ್ತವೆ. ಬಿರುಕು ಬಂತೆಂದರೆ ಚೀಲ ಇಳಿಸಿ, ಹಗ್ಗದಲ್ಲಿ ಕೆಳಗೆ ಬಿಟ್ಟು, ನಾವೂ ಇಳಿದು, ಎದುರಿನ ಗೋಡೆಗೆ ಮತ್ತೆ ಹತ್ತಬೇಕು. ಇಂಥ ಜಾಗದಲ್ಲಿ ಇಡೀ ದಿನಕ್ಕೆ ಐದಾರು ಕಿಲೋಮೀಟರ್ ಸಾಗಿದರೆ ಅದು ಒಳ್ಳೆಯ ದಿನ. ಮೊದಲ ವರ್ಷ ನಾನು ಜಾಣತನ ಮಾಡಿ, ಹುಲ್ಲಿನ ನಡುವೆ ಸ್ಪಷ್ಟವಾಗಿ ಕಾಣುತ್ತಿದ್ದ ಒಂದು ಕಿರುದಾರಿಯನ್ನು ಹಿಡಿದೆ. ಮುಕ್ಕಾಲು ಗಂಟೆ ಸೊಗಸಾಗಿ ಸಾಗಿದ ದಾರಿ ಒಂದು ಪ್ರಪಾತದ ಅಂಚಿಗೆ ಬಂದು ನಿಂತಿತು. ಅದು ವಾಲರೂ ಎಂಬ ಕಾಂಗರೂ ಜಾತಿಯ ಪ್ರಾಣಿ ತುಳಿದ ದಾರಿ, ಅಲ್ಲಿಂದ ಅದು ಜಿಗಿದಿತ್ತು, ನಾನು ಜಿಗಿಯುವಂತಿರಲಿಲ್ಲ. ಆ ಕರಿಯ ವಾಲರೂವಿಗೆ ಅವರ ಭಾಷೆಯಲ್ಲಿ ಬರ್ಕ್ ಎಂದು ಹೆಸರು. ಲೋಕದಲ್ಲಿ ಈ ಪ್ರಸ್ಥಭೂಮಿಯನ್ನು ಬಿಟ್ಟು ಬೇರೆಲ್ಲೂ ಅದಿಲ್ಲ. ಅಂಬಿನಿಕ್ ಎಂಬ ಮರವೂ ಹಾಗೆಯೇ, ಈ ನೆಲದ್ದೇ. ಕಮರಿಗಳ ಒಳಗೆ ಅದರ ದಟ್ಟ ನೆರಳಿಗೆ ಹೊಕ್ಕೊಡನೆ ಬಿಸಿಲಿನ ಉರಿ ಆರಿ, ಎಲ್ಲೋ ಜಿನುಗುವ ನೀರಿನ ಸದ್ದು ಕಿವಿಗೆ ಬೀಳುತ್ತದೆ.

ಚಿತ್ರಗಳು ಸಿಗುವುದು ಇಂಥ ಕಡೆಗಳಲ್ಲೇ. ಕಾಕಡುವಿನಲ್ಲಿ ಸಾವಿರಾರು ಚಿತ್ರದ ನೆಲೆಗಳಿವೆ. ಸಾರ್ವಜನಿಕರಿಗೆ ಫಲಕ ಹಾಕಿ ತೋರಿಸುವುದು ಉಬಿರ್, ಬುರುಂಗ್‌ಕುಯ್, ನಂಗುಲುವುರ್‌ಗಳಂಥ ಕೆಲವನ್ನು ಮಾತ್ರ. ನಾನು ನಡೆಯುವಾಗ ಕಂಡ ಒಂದು ಕಲ್ಲಾಸರೆಯನ್ನು ತಮ್ಮ ಮುಂದಿಡುತ್ತೇನೆ. ಅದು ಎಲ್ಲಿದೆ ಎಂದು ಹೇಳುವುದಿಲ್ಲ. ಬಗ್ಗಿ ಒಳಗೆ ಹೋದರೆ ಎದುರಿಗೆ ಒಂದೂವರೆ ಮಾರು ಉದ್ದದ ಬಾರಮುಂಡಿ ಮೀನು. ಬೆನ್ನೆಲುಬು ಬಿಳಿಯ ಗೆರೆ, ಅದರಿಂದ ಇಳಿಯುವ ಮುಳ್ಳುಗಳು ಕೆಂಪು, ಹೊಟ್ಟೆಯ ಚೀಲ, ಕರುಳು, ಕಿವಿರು ಎಲ್ಲವೂ ಬೇರೆ ಬೇರೆ ಮನೆಗಳಾಗಿ ಒಳಗೆ ಕಾಣುವಂತೆ ಬರೆದದ್ದು. ಇದನ್ನೇ ಎಕ್ಸ್‌-ರೇ ಶೈಲಿ ಎನ್ನುತ್ತಾರೆ. ಮೀನನ್ನು ಕೊಯ್ದು, ಪಾಲು ಮಾಡಿ, ಯಾವ ತುಂಡು ಯಾರಿಗೆ ಎಂದು ಬಲ್ಲವರ ಕೈಯಿಂದ ಮಾತ್ರ ಬರಬಹುದಾದ ಚಿತ್ರ ಅದು. ಆ ಮೀನಿನ ಬಾಲದಡಿಯಲ್ಲಿ ಅದಕ್ಕಿಂತ ಹಳೆಯದಾದ ಒಂದು ಕಾಂಗರೂವಿನ ತೊಡೆ ಇಣುಕುತ್ತಿತ್ತು. ತೊಡೆಯ ಅಡಿಯಲ್ಲಿ ಇನ್ನೂ ಮಸುಕಾದ, ಓಡುತ್ತಿರುವ ಸಣ್ಣ ಮನುಷ್ಯರು. ಒಂದು ಮೂಲೆಯಲ್ಲಿ ಕೈಯನ್ನು ಕಲ್ಲಿಗೆ ಒತ್ತಿ, ಬಾಯಲ್ಲಿ ತುಂಬಿಕೊಂಡ ಬಣ್ಣವನ್ನು ಊದಿ ಉಳಿಸಿದ ಅಂಗೈ ಅಚ್ಚು, ಅದು ಮಗುವಿನದು. ನನ್ನ ಕೈಯನ್ನು ಅದರ ಪಕ್ಕದ ಗಾಳಿಯಲ್ಲಿ ಹಿಡಿದು ಅಳತೆ ನೋಡಿದೆ, ಮುಟ್ಟಲಿಲ್ಲ.

ಕೆಂಪು ಬಣ್ಣ ನಮ್ಮ ಜಾಜಿನಂಥ ಕಬ್ಬಿಣದ ಮಣ್ಣು, ಬಿಳಿ ನಮ್ಮ ಶೇಡಿಯಂಥ ಜೇಡಿ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯಲು ಪುಂಡಿನಾರಿನ ಕುಂಚ ಮಾಡಿಕೊಳ್ಳುವ ಹಾಗೆಯೇ, ಅಲ್ಲಿ ಜೊಂಡಿನ ಎಳೆಯಿಂದ ಕುಂಚ ಮಾಡಿ ಕೂದಲಿನಷ್ಟು ತೆಳುವಾದ ಗೆರೆ ಎಳೆಯುತ್ತಾರೆ. ಕೆಂಪು ಕಲ್ಲಿನೊಳಕ್ಕೆ ಇಂಗಿ ಸಾವಿರಾರು ವರ್ಷ ನಿಲ್ಲುತ್ತದೆ. ಬಿಳಿ ಪುಡಿಯಾಗಿ ಉದುರುತ್ತದೆ. ಹಳೆಯ ಚಿತ್ರಗಳೆಲ್ಲ ಕೆಂಪೇ ಆಗಿರುವುದನ್ನು ಕಂಡು, ಹಿಂದಿನವರಿಗೆ ಬೇರೆ ಬಣ್ಣ ಗೊತ್ತಿರಲಿಲ್ಲವೆಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಕಾಲ ಬಿಟ್ಟುಹೋದದ್ದು ಕೆಂಪು, ಅಷ್ಟೆ.

ಎಷ್ಟು ಹಳೆಯವು? ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ, ಉತ್ತರ ಸುಲಭವಲ್ಲ. ಕೆಮ್ಮಣ್ಣಿನಲ್ಲಿ ಇಂಗಾಲವಿಲ್ಲ, ಆದ್ದರಿಂದ ಇಂಗಾಲದ ವಿಧಾನದಿಂದ ಅದರ ವಯಸ್ಸನ್ನು ನೇರವಾಗಿ ಅಳೆಯಲಾಗದು. ಪಶ್ಚಿಮಕ್ಕಿರುವ ಕಿಂಬರ್ಲಿ ಎಂಬ ಇನ್ನೊಂದು ಮರಳುಗಲ್ಲಿನ ಸೀಮೆಯಲ್ಲಿ ಸಂಶೋಧಕರು ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಹಳ ಮೆಚ್ಚುಗೆಯಾಯಿತು. ಕುಂಬಾರ ಹುಳ ಎಂದು ನಾವು ಕರೆಯುವ, ಮಣ್ಣುಗೂಡು ಕಟ್ಟುವ ಕಣಜ ಅಲ್ಲೂ ಇದೆ. ಅದು ತಂದ ಮಣ್ಣಿನಲ್ಲಿ ಕಾಡುಬೆಂಕಿಯ ಇದ್ದಿಲಿನ ಚೂರು ಸೇರಿರುತ್ತದೆ, ಇದ್ದಿಲಿನಲ್ಲಿ ಇಂಗಾಲವಿರುತ್ತದೆ. ಚಿತ್ರ ಗೂಡಿನ ಮೇಲಿದ್ದರೆ ಚಿತ್ರ ಗೂಡಿಗಿಂತ ಹೊಸತು. ಗೂಡು ಚಿತ್ರದ ಮೇಲಿದ್ದರೆ ಚಿತ್ರ ಹಳತು. ಹೀಗೆ ಮೇಲಿನ ಮತ್ತು ಕೆಳಗಿನ ಗೂಡುಗಳ ನಡುವೆ ಸಿಕ್ಕಿಕೊಂಡ ಒಂದು ಕಾಂಗರೂ ಚಿತ್ರಕ್ಕೆ ಸುಮಾರು 17,300 ವರ್ಷವೆಂದು 2021ರಲ್ಲಿ ಪ್ರಕಟಿಸಿದರು. ಕಾಕಡು ಸೀಮೆಯ ಮಜೆಡ್‌ಬೆಬೆ ಎಂಬ ಕಲ್ಲಾಸರೆಯ ನೆಲವನ್ನು ಅಗೆದಾಗ ಅರೆದ ಕಾವಿ, ಉಜ್ಜಿ ಹರಿತ ಮಾಡಿದ ಕಲ್ಲುಕೊಡಲಿಗಳು ಸಿಕ್ಕಿದವು. ಮನುಷ್ಯರು ಅಲ್ಲಿ ಸುಮಾರು 65,000 ವರ್ಷಗಳಿಂದ ಇದ್ದಾರೆಂದು 2017ರ ವರದಿ ಹೇಳಿತು. ಮರಳಿನಲ್ಲಿ ವಸ್ತುಗಳು ಕೆಳಪದರಕ್ಕೆ ಜಾರಿರಬಹುದೆಂದು ತಕರಾರು ಎತ್ತುವ ವಿದ್ವಾಂಸರೂ ಇದ್ದಾರೆ. ಆ ಜಗಳ ಅವರು ನಡೆಸಲಿ. ಅಗೆಯಲು ಅನುಮತಿ ಕೊಟ್ಟವರು, ಆ ನೆಲದ ಒಡೆಯರಾದ ಮಿರಾರ್ ಜನ, ಇಂದಿಗೂ ಅಲ್ಲೇ ಬದುಕಿದ್ದಾರೆ ಎಂಬುದು ನನಗೆ ಇಸವಿಗಿಂತ ದೊಡ್ಡದಾಗಿ ಕಾಣುತ್ತದೆ.

ಅಂಕಿಗಳಿಲ್ಲದೆಯೂ ಗೋಡೆಗಳು ತಮ್ಮ ಕಾಲವನ್ನು ಹೇಳುತ್ತವೆ. ಹಿಮಯುಗ ಮುಗಿದು ಸಮುದ್ರ ಏರಿ, ಸುಮಾರು 8,000 ವರ್ಷಗಳ ಹಿಂದಿನಿಂದ ನದಿಕಣಿವೆಗಳಿಗೆ ಉಪ್ಪುನೀರು ನುಗ್ಗಿತು. ಅದಕ್ಕೂ ಮುಂಚಿನ ಚಿತ್ರಗಳಲ್ಲಿ ಒಣಭೂಮಿಯ ಪ್ರಾಣಿಗಳೇ ಹೆಚ್ಚು. ಆಮೇಲೆ ಬಾರಮುಂಡಿ ಮುಂತಾದ ಮೀನುಗಳು ಗೋಡೆ ಹತ್ತುತ್ತವೆ. ಇತ್ತೀಚಿನ ಒಂದೂವರೆ ಸಾವಿರ ವರ್ಷಗಳಲ್ಲಿ ಸಿಹಿನೀರಿನ ಜೌಗು ಹರಡಿದ ಮೇಲೆ ಅಲ್ಲಿನ ಕಾಡುಬಾತುಗಳು ಬರುತ್ತವೆ. ಉಬಿರಿನಲ್ಲಿ ಎತ್ತರದ ಬಂಡೆಯ ಮೇಲೆ ಥೈಲಸಿನ್ ಇದೆ. ಬೆನ್ನಿನ ಮೇಲೆ ಪಟ್ಟೆಗಳಿರುವ, ನಾಯಿಯನ್ನು ಹೋಲುವ ಆ ಪ್ರಾಣಿ ಆಸ್ಟ್ರೇಲಿಯದ ಮುಖ್ಯ ಭೂಮಿಯಿಂದ ಅಳಿದು ಸಾವಿರಾರು ವರ್ಷಗಳಾದವು. ಅದೇ ಉಬಿರಿನಲ್ಲಿ ಜೇಬಿನೊಳಗೆ ಕೈ ಇಟ್ಟು ನಿಂತ ಬಿಳಿಯನೂ ಇದ್ದಾನೆ. ನಂಗುಲುವುರಿನಲ್ಲಿ ಎರಡು ಪಟಸ್ತಂಭಗಳ ಹಡಗು, ಅದರ ಲಂಗರಿನ ಸರಪಳಿ, ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಸಣ್ಣ ದೋಣಿ. ಕಡಲು ಕಾಣದ ಆ ಕಾಡಿನ ನಡುವೆ ಕೂತು, ಹೋಗಿ ನೋಡಿಬಂದದ್ದನ್ನು ಸರಪಳಿಯ ಸಮೇತ ನೆನಪಿನಿಂದ ಬರೆದ ಆ ಚಿತ್ರಕಾರನ ಕಣ್ಣಿಗೆ ನಾನು ಕೈ ಮುಗಿದೆ.

ತೀರ ಎತ್ತರದ, ಏಣಿ ಇಟ್ಟರೂ ಎಟುಕದ ಸೂರಿನಡಿಯ ಚಿತ್ರಗಳನ್ನು ಮಿಮಿಗಳು ಬರೆದರೆಂದು ಹೇಳುತ್ತಾರೆ. ಮಿಮಿಗಳು ಬಂಡೆಯ ಬಿರುಕಿನಲ್ಲಿ ವಾಸಿಸುವ, ಗಾಳಿಗೆ ಮುರಿಯುವಷ್ಟು ಸಪೂರವಾದ ಜೀವಗಳು. ಅವು ಬಂಡೆಯನ್ನೇ ಕೆಳಕ್ಕೆ ಎಳೆದು, ಚಿತ್ರ ಬರೆದು, ಮತ್ತೆ ಮೇಲಕ್ಕೆ ತಳ್ಳುತ್ತವೆ. ಬುರುಂಗ್‌ಕುಯ್ ಬಳಿಯ ಅನ್‌ಬಂಗ್‌ಬಂಗ್ ಗೋಡೆಯ ಚಿತ್ರಗಳನ್ನು ಬರೆದವರ ಹೆಸರು ಮಾತ್ರ ದಾಖಲೆಯಲ್ಲಿದೆ: ನಯೊಂಬೊಲ್ಮಿ ಎಂಬ ಪ್ರಸಿದ್ಧ ಚಿತ್ರಕಾರ 1960ರ ದಶಕದ ಮೊದಲ ಭಾಗದಲ್ಲಿ ಅಲ್ಲಿ ಕೂತು, ಹಳೆಯ ಚಿತ್ರಗಳ ಮೇಲೆಯೇ ಹೊಸದಾಗಿ ಬರೆದರು. ಹಳತನ್ನು ಹಾಳುಮಾಡಿದರೆಂದು ನಮ್ಮ ಪುರಾತತ್ತ್ವದ ಕಣ್ಣು ಆಕ್ಷೇಪಿಸಬಹುದು. ಆದರೆ ಅಲ್ಲಿನ ಲೆಕ್ಕದಲ್ಲಿ ಬರೆಯುವುದೇ ಕೆಲಸ, ಬರೆದದ್ದು ಉಳಿಯುವುದು ಆಮೇಲಿನ ಮಾತು. ಪ್ರತಿ ವರ್ಷ ಗೋಡೆಗೆ ಸಾರಣೆ ಮಾಡಿ ಹೊಸ ಚಿತ್ತಾರ ಬರೆಯುವ ಮನೆಯಲ್ಲಿ ಹುಟ್ಟಿದವರಿಗೆ ಇದು ತಟ್ಟನೆ ತಿಳಿಯುತ್ತದೆ.

ಆ ಗೋಡೆಯ ಮೇಲಿರುವ ಒಬ್ಬನ ಹೆಸರು ನಮರ್ಗೋನ್, ಮಿಂಚಿನವನು. ತಲೆಯ ಸುತ್ತ ಕಮಾನಿನಂತೆ ಮಿಂಚಿನ ಪಟ್ಟಿ. ಮೋಡಗಳನ್ನು ಸೀಳಿ ಗುಡುಗು ಮಾಡಲು ಮೊಣಕಾಲು, ಮೊಣಕೈಗಳಿಗೆ ಕಲ್ಲುಕೊಡಲಿಗಳು. ಅವನ ಮಕ್ಕಳೆಂದರೆ ಅಲ್ಯುರ್ ಎಂಬ ಕಿತ್ತಳೆ, ನೀಲಿ ಬಣ್ಣದ ಮಿಡತೆಗಳು. ಅವು ಬಲಿತು ಹೊರಗೆ ಕಾಣಿಸುವುದು ಸರಿಯಾಗಿ ಮಳೆಯ ಮುಂಚಿನ ಗುಡುಗಿನ ತಿಂಗಳುಗಳಲ್ಲಿ, ತಂದೆಯನ್ನು ಹುಡುಕಿಕೊಂಡು. 1845ರಲ್ಲಿ ಆ ಬಂಡೆಗೋಡೆ ಇಳಿದು ಬಂದ ಲುಡ್ವಿಗ್ ಲೈಕಾರ್ಟ್ ಎಂಬ ಅನ್ವೇಷಕ ಈ ಮಿಡತೆಯನ್ನು ಕಂಡಿದ್ದ. ಆಮೇಲೆ ಬಹುಕಾಲ ವಿಜ್ಞಾನಿಗಳಿಗೆ ಅದರ ಸುಳಿವೇ ಸಿಗದೆ, 1970ರ ದಶಕದಲ್ಲಿ ಮತ್ತೆ ಪತ್ತೆಯಾಯಿತು. ಅಲ್ಲಿನವರಿಗೆ ಅದು ಕಳೆದುಹೋದದ್ದೇ ಇಲ್ಲ. ನಮರ್ಗೋನನ ಮುಂದೆ ನಿಂತಾಗ ನನಗೆ ನೆನಪಾದದ್ದು ಬಾದಾಮಿಯ ಹಿಂದಿನ ಬೆಟ್ಟದ ಸಿಡಿಲಪಡಿ. ಅಲ್ಲಿಯೂ ಮರಳುಗಲ್ಲಿನ ಸೂರು, ಕೆಂಪು ಗೆರೆಯ ಪುರಾತನ ಚಿತ್ರಗಳು, ಬಂಡೆಯ ತೂತು ಸಿಡಿಲಿನಿಂದ ಆದದ್ದೆಂಬ ಜನರ ಮಾತು. ನಮ್ಮ ಕಥೆ ಹೆಸರಿನಲ್ಲಿ ಮಾತ್ರ ಉಳಿದಿದೆ. ಚಿತ್ರ ಬರೆದವರು ಯಾರು, ಅದನ್ನು ಯಾರ ಕಣ್ಣಿಗೆಂದು ಬರೆದರು ಎಂದು ಹೇಳಬಲ್ಲ ಮೊಮ್ಮಕ್ಕಳು ಉಳಿದಿಲ್ಲ. ಅಲ್ಲಿ ಉಳಿದಿದ್ದಾರೆ. ಎರಡು ಕಲ್ಲಾಸರೆಗಳ ನಡುವಿನ ಅಂತರ ನನಗೆ ಆಗ ಗೊತ್ತಾಯಿತು.

ಆ ಮೊಮ್ಮಕ್ಕಳ ಮಾತಿಗೆ ಕಾನೂನಿನ ಬಲವೂ ಇದೆ. 1976ರ ಭೂಹಕ್ಕು ಕಾಯ್ದೆಯ ಮೇಲೆ ನೆಲವನ್ನು ಮರಳಿ ಪಡೆದವರು, ಅದನ್ನು ಉದ್ಯಾನವಾಗಿ ನಡೆಸಲು ಸರ್ಕಾರಕ್ಕೆ ಗೇಣಿಗೆ ಕೊಟ್ಟಿದ್ದಾರೆ. ಆಡಳಿತ ಮಂಡಳಿಯಲ್ಲಿ ಬಹುಮತ ಅವರದೇ. ಇಷ್ಟೆಲ್ಲ ಇದ್ದೂ ಎಡವಿದ ಉದಾಹರಣೆ ಗುನ್‌ಲೊಮ್ ಜಲಪಾತದ್ದು. ಬಂಡೆಯ ಮೇಲಿನ ಕೊಳದಲ್ಲಿ ಈಜುತ್ತ ಕೆಳಗಿನ ಬಯಲನ್ನು ನೋಡುವ ಆ ಜಾಗ ಪ್ರವಾಸಿಗರಿಗೆ ಬಹಳ ಪ್ರಿಯವಾಗಿತ್ತು. ಅಲ್ಲಿ ಕಾಲುದಾರಿಯನ್ನು ಸರಿಪಡಿಸುವಾಗ ಹೊಸ ದಾರಿ ಜಾವೊಯ್ನ್ ಎಂಬ ಮೂಲನಿವಾಸಿ ಜನರ ಪವಿತ್ರ ಸ್ಥಳವೊಂದಕ್ಕೆ ತೀರ ಹತ್ತಿರ ಹಾದುಹೋಯಿತು. ಬೇಕಾದ ಪ್ರಮಾಣಪತ್ರ ಪಡೆದಿರಲಿಲ್ಲ. 2019ರಲ್ಲಿ ಜಲಪಾತವನ್ನು ಮುಚ್ಚಲಾಯಿತು. ಪವಿತ್ರ ಸ್ಥಳಗಳನ್ನು ಕಾಯುವ ಪ್ರಾಧಿಕಾರ ಉದ್ಯಾನಗಳ ನಿರ್ದೇಶಕರ ಮೇಲೆಯೇ ಮೊಕದ್ದಮೆ ಹೂಡಿತು. ಪವಿತ್ರ ಸ್ಥಳಗಳ ರಕ್ಷಣೆಯ ಕಾಯ್ದೆ ನಿರ್ದೇಶಕರಿಗೂ ಅನ್ವಯಿಸುತ್ತದೆಂದು ಆಸ್ಟ್ರೇಲಿಯದ ಅತ್ಯುನ್ನತ ನ್ಯಾಯಾಲಯ 2024ರಲ್ಲಿ ತೀರ್ಪಿತ್ತಿತು. ಕೆಲವೇ ಮೀಟರುಗಳ ಕಾಲುದಾರಿಗಾಗಿ ಇಷ್ಟು ರಂಪವೇ ಎಂದು ಕೇಳಿದವರಿದ್ದಾರೆ. ಪರರ ಮನೆಯ ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದವನು ನಾಲ್ಕೇ ಹೆಜ್ಜೆ ಇಟ್ಟೆನೆಂದು ವಾದಿಸುವುದಿಲ್ಲವಷ್ಟೆ.

ಚಿತ್ರಗಳಿಗೆ ಬೇರೆ ಶತ್ರುಗಳೂ ಇದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಏಷ್ಯದಿಂದ ತಂದ ಎಮ್ಮೆಗಳು ಕಾಡುಬಿದ್ದು, ಸಾವಿರಗಟ್ಟಲೆ ಬೆಳೆದು, ಕಲ್ಲಾಸರೆಯ ನೆರಳಿಗೆ ಬಂದು ಗೋಡೆಗೆ ಮೈ ಉಜ್ಜಿ ಬಣ್ಣ ಅಳಿಸಿದವು. ಮಳೆನೀರು ಗೋಡೆಯ ಮೇಲೆ ಇಳಿಯದಂತೆ ಸೂರಿನಂಚಿಗೆ ಸಿಲಿಕೋನಿನ ಸಣ್ಣ ಏಣನ್ನು ಅಂಟಿಸಿ ನೀರನ್ನು ಆಚೆ ತಿರುಗಿಸುತ್ತಾರೆ. ನಮ್ಮ ಹೆಂಚಿನ ಮನೆಯ ದೋಣಿಯ ಕೆಲಸವನ್ನೇ ಅದು ಮಾಡುತ್ತದೆ. ಚಾರಣಿಗರ ಪಾಲಿನ ಅಪರಾಧ ಸಣ್ಣದು, ಆದರೆ ಪದೇ ಪದೇ ನಡೆಯುವಂಥದು: ಒಣನೆಲದ ಧೂಳನ್ನು ಕೆದರುವುದು, ಸೂರಿನಡಿ ಒಲೆ ಹಚ್ಚುವುದು, ಫೋಟೋದ ಜೊತೆ ಜಾಗದ ಅಕ್ಷಾಂಶ, ರೇಖಾಂಶಗಳನ್ನೂ ಲೋಕಕ್ಕೆ ಹಂಚುವುದು. ಮೊದಲ ವರ್ಷ ನಾನೂ ಕೊನೆಯದನ್ನು ಮಾಡಿದ್ದೆ. ಗೆಳೆಯರೊಬ್ಬರು ತಿಳಿಹೇಳಿದ ಮೇಲೆ ತೆಗೆದುಹಾಕಿದೆ.

ಹೋಗಬಯಸುವವರಿಗೆ ಒಂದು ಮಾತು. ನೇರವಾಗಿ ದಾರಿಯಿಲ್ಲದ ಕಲ್ಲುನಾಡಿಗೆ ಇಳಿಯುವ ಬದಲು, ದಕ್ಷಿಣಕ್ಕೆ ಜಾವೊಯ್ನ್ ಜನರ ನಿಟ್ಮಿಲುಕ್ ಉದ್ಯಾನದ ಜಟ್ಬುಲಾ ಹಾದಿಯಿಂದ ಆರಂಭಿಸುವುದು ಒಳ್ಳೆಯದು. ನಿಟ್ಮಿಲುಕ್ ಎಂದರೆ ಜೀರುಂಡೆಯ ತಾಣ. ನೆಲದ ಹಕ್ಕಿಗಾಗಿ ಹೋರಾಡಿದ ಹಿರಿಯರೊಬ್ಬರ ಹೆಸರನ್ನು ಹೊತ್ತ ಆ ಹಾದಿ 62 ಕಿಲೋಮೀಟರ್, ಐದಾರು ದಿನದ ನಡಿಗೆ, ಒಂದೇ ದಿಕ್ಕಿನಲ್ಲಿ. ಬಹುತೇಕ ಪ್ರತಿ ಸಂಜೆಯೂ ಒಂದು ಜಲಪಾತದ ತಲೆಯಲ್ಲೋ ಮಡುವಿನ ದಂಡೆಯಲ್ಲೋ ಬಿಡಾರ. ದಿನಕ್ಕೆ ಇಂತಿಷ್ಟೇ ಜನರನ್ನು ಬಿಡುವುದರಿಂದ ಜಾಗ ಬೇಗ ಭರ್ತಿಯಾಗುತ್ತದೆ. ನಡುವೆ ಆಂಫಿಥಿಯೇಟರ್ ಎಂಬ ಅರ್ಧಚಂದ್ರದ ಕಮರಿಗೆ ಇಳಿದರೆ, ಜರೀಗಿಡಗಳ ತಂಪಿನ ಹಿಂದೆ ಗೋಡೆಯುದ್ದಕ್ಕೂ ಕೆಂಪು ಚಿತ್ರಗಳಿವೆ. ಬೆಳಗ್ಗೆ ಆರಕ್ಕೆ ಹೊರಟು ಹನ್ನೊಂದರೊಳಗೆ ನೀರಿನ ಬಳಿ ಇರಬೇಕು. ಮಧ್ಯಾಹ್ನದ ಬಿಸಿಲಿಗೆ ನಮ್ಮ ಕಲಬುರ್ಗಿಯವರೂ ತಲೆಬಾಗಬೇಕು.

ಉಪನ್ಯಾಸದ ಕೊನೆಗೆ ಹಿರಿಯರೊಬ್ಬರು ಎದ್ದು, ಮೊದಲು ಹೇಳಿದ ಆ ಕಿರುಕಣಿವೆಯ ಕಥೆ ಏನಾಯಿತೆಂದು ಕೇಳಿದರು. ತಿದ್ದಿದ ಗೆರೆಯಂತೆಯೇ ನಾವು ಪೂರ್ವದ ದಿಬ್ಬ ಹತ್ತಿದೆವು. ಹುಲ್ಲಿನಿಂದ ಒಂದು ಕಲ್ಲುಪಾರಿವಾಳ ಚಪ್ಪಾಳೆಯಂತೆ ರೆಕ್ಕೆ ಬಡಿದು ಎದ್ದಿತು. ಅದು ಹಾರಿ ಇಳಿದದ್ದು ಆ ಕಣಿವೆಯೊಳಕ್ಕೆ. ಸುತ್ತಿ ಹೋದದ್ದರಿಂದ ಅರ್ಧ ದಿನ ಹೆಚ್ಚಾಯಿತು, ಕತ್ತಲಾಗುವ ಹೊತ್ತಿಗೆ ದಿಬ್ಬದ ಮೇಲೆಯೇ ಚಪ್ಪಟೆ ಬಂಡೆ ನೋಡಿ ಸೊಳ್ಳೆಪರದೆ ಕಟ್ಟಿದೆವು. ‘ಹಾಗಾದರೆ ಆ ಜಲಪಾತ ಹೇಗಿತ್ತು ಎಂದು ಗೊತ್ತಾಗಲೇ ಇಲ್ಲವೇ?’ ಎಂದು ಅವರು ಬಿಡದೆ ಕೇಳಿದರು. ನೋಡಲಿಲ್ಲ, ರಾತ್ರಿಯೆಲ್ಲ ಅದು ಬೀಳುವ ಸದ್ದು ಕೇಳಿಸುತ್ತಿತ್ತು ಎಂದೆ.